ಸ್ವಲ್ಪ ಹಿಡ್ಕೋ

ಗಂಡಸರು "ನಾನೊಬ್ಬನೇ ಮಾಡ್ತೀನಿ" ಎಂದು ಎದ್ದು ಹೊರಡುವ ಯಾವ ಕೆಲಸಕ್ಕೂ ಕೊನೆಗೆ ಮೂರನೆಯ ಕೈಯೊಂದು ಬೇಕಾಗುತ್ತದೆ. ಆ ಕೈ ಹೆಂಡತಿಯದು. ಬಲ್ಬು ಬದಲಾಯಿಸುವಾಗ ಸ್ಟೂಲು ಹಿಡಿಯುವ ಕೈ, ಕರೆಂಟು ಹೋದಾಗ ಫ್ಯೂಸು ಹಾಕುವವರಿಗೆ ಟಾರ್ಚು ಹಿಡಿಯುವ ಕೈ, ಗೋಡೆಗೆ ಮೊಳೆ ಹೊಡೆಯುವಾಗ ಪಟದ ಕೆಳ ಅಂಚು ಹಿಡಿದು ನಿಲ್ಲುವ ಕೈ. ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ಮಗು ಅಳುತ್ತಿರಲಿ, "ಸ್ವಲ್ಪ ಹಿಡ್ಕೋ" ಎಂದ ಕೂಡಲೇ ಆ ಕೈ ಹಾಜರಾಗಬೇಕು. ಕೆಲಸ ಚೆನ್ನಾಗಿ ಆದರೆ ಅದನ್ನು ಮಾಡಿದವರು ಅವರು. ಕೆಟ್ಟರೆ, "ನೆಟ್ಟಗೆ ಹಿಡಿಯೋಕ್ಕೂ ಬರೋದಿಲ್ವೆ ನಿಂಗೆ?"

ಇಷ್ಟು ನಿಮಗೆಲ್ಲ ಗೊತ್ತಿರುವುದೇ. ಇದಕ್ಕೆಲ್ಲ ಜಗಳವಾಡುತ್ತ ಕೂತರೆ ಸಂಸಾರ ಸಾಗುವುದಿಲ್ಲ, ನಾನೂ ಆಡಿಲ್ಲ. ಆದರೆ ಒಂದು ಬಗೆಯ ಹಿಡಿಯುವಿಕೆಯ ವಿಷಯದಲ್ಲಿ ಮಾತ್ರ ನಾನು ಜಗಳಕ್ಕೆ ನಿಂತಿದ್ದೇನೆ. ನಾನಿರುವ ಅಮೆರಿಕದಲ್ಲಿ ಅನೇಕ ಗಂಡಸರು ಮೀನಿನ ಗಾಳಕ್ಕೆ ಸಿಕ್ಕಿಸುವ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳನ್ನು ಮನೆಯಲ್ಲೇ ಎರಕ ಹೊಯ್ದುಕೊಳ್ಳುತ್ತಾರೆ. ಎರಡು ಹೋಳಿನ ಅಚ್ಚು. ಅದರೊಳಕ್ಕೆ ಕಾದ ಪ್ಲಾಸ್ಟಿಕ್ಕನ್ನು ಪಿಚಕಾರಿಯಿಂದ ಒತ್ತಿ ತುಂಬಬೇಕು. ಒತ್ತುವಾಗ ಹೋಳುಗಳು ಬಾಯಿ ಬಿಡದಂತೆ ಯಾರಾದರೂ ಅದುಮಿ ಹಿಡಿಯಬೇಕು. ಯಾರು ಹಿಡಿಯುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ. ನನ್ನ ವಾದ ಇಷ್ಟೇ. ಆ ಕೆಲಸಕ್ಕೆಂದೇ ಕ್ಲ್ಯಾಂಪ್ ಎಂಬ ಸಾಧನವಿದೆ. ಬಡಗಿಯ ಅಂಗಡಿಗೆ ಹೋದವರೆಲ್ಲ ನೋಡಿರುತ್ತೀರಿ, ಅಂಟು ಹಾಕಿದ ಹಲಗೆಗಳನ್ನು ಬಿಗಿದು ನಿಲ್ಲಿಸುವ ಕಬ್ಬಿಣದ ಹಿಡಿ. ಅದನ್ನು ಕೊಳ್ಳದೆ ಹೆಂಡತಿಯ ಕೈಯನ್ನು ಆ ಜಾಗದಲ್ಲಿಡುವುದು ಸಲಿಗೆಯಲ್ಲ, ಜೊತೆಗಾರಿಕೆಯೂ ಅಲ್ಲ. ಅದು ಅನ್ಯಾಯ, ಅಪಾಯ ಎರಡೂ.

ಈ ಹುಳುವಿನ ಲೋಕ ನಮ್ಮ ಕಡೆಯವರಿಗೆ ಹೊಸದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾವಿರುವುದು ಟೆಕ್ಸಾಸಿನ ಪೂರ್ವಭಾಗದಲ್ಲಿ. ಇಲ್ಲಿ ಲೇಕ್ ಫೋರ್ಕ್ ಎಂಬ ದೊಡ್ಡ ಜಲಾಶಯವೊಂದಿದೆ. ಅದರಲ್ಲಿ ಬಾಸ್ ಎಂಬ ಅಗಲಬಾಯಿಯ ಮೀನು. ಆ ಮೀನಿನ ಹುಚ್ಚು ಹಿಡಿದವರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದೋಣಿ ಕಟ್ಟಿಕೊಂಡು ಹೊರಡುತ್ತಾರೆ. ದಿನವಿಡೀ ಗಾಳ ಬೀಸಿ, ಸಿಕ್ಕ ಮೀನಿನೊಂದಿಗೆ ಫೋಟೋ ತೆಗೆಸಿಕೊಂಡು, ಮತ್ತೆ ಅದನ್ನು ನೀರಿಗೇ ಬಿಟ್ಟು ಬರುತ್ತಾರೆ. ನಮ್ಮವರು ಕುಂದಾಪುರದ ಕಡೆಯವರು. ಒಮ್ಮೆ ಅತ್ತೆ ಇಲ್ಲಿಗೆ ಬಂದಿದ್ದಾಗ ಇದನ್ನು ಕೇಳಿ, "ಹಿಡ್ದ್ ಮೀನ್ ಬಿಟ್ಟ್ ಬಪ್ದಾ?" ಎಂದು ಮಗನ ಹಣೆ ಮುಟ್ಟಿ ನೋಡಿದ್ದರು.

ಗಾಳಕ್ಕೆ ನಿಜವಾದ ಎರೆಹುಳು ಸಿಕ್ಕಿಸುವುದು ಹಳೆಯ ಕಾಲದ ಪದ್ಧತಿ. ಈಗಿನದು ಜೆಲ್ಲಿಯ ಹಾಗೆ ಬಳುಕುವ ಪ್ಲಾಸ್ಟಿಕ್ ಹುಳು. ಇದರ ಮೊದಲ ಕಥೆಯೂ ಮನೆಯೊಳಗಿನದೇ. ರಬ್ಬರ್ ಕಾರ್ಖಾನೆಗಳಿಗೆ ಹೆಸರಾದ ಓಹಾಯೊ ರಾಜ್ಯದ ಏಕ್ರನ್ ಊರಿನಲ್ಲಿ 1949ರಲ್ಲಿ ನಿಕ್ ಕ್ರೀಮ್, ಅವರ ಹೆಂಡತಿ ಕಾಸ್ಮಾ ಇಬ್ಬರೂ ಸೇರಿ ಮನೆಯಲ್ಲೇ ಪ್ಲಾಸ್ಟಿಕ್ ಕಾಯಿಸಿ, ಎರೆಹುಳುವಿನ ಅಚ್ಚಿಗೆ ಹೊಯ್ದು ನೋಡಿದರು. ಮುಂದೆ ಅದೇ ಕಂಪನಿಯಾಗಿ ನಮ್ಮ ಹತ್ತಿರದ ಟೈಲರ್ ಊರಿಗೆ ಬಂತು. ನಮ್ಮ ಮನೆಗೆ ಬರುವ ಗಾಳದ ಗೆಳೆಯರಿಗೆ ನಿಕ್ ಎಂದರೆ ಭಕ್ತಿ. "ಕಾಸ್ಮಾ ಯಾರು ಗೊತ್ತೆ?" ಎಂದು ನಾನೊಮ್ಮೆ ಕೇಳಿದೆ. ಒಬ್ಬರು ಯಾವುದೋ ಕಾರ್ಟೂನಿನ ಹೆಸರು ಹೇಳಿದರು. ಆ ಮನೆಯಲ್ಲಿ ಅಚ್ಚನ್ನು ಹಿಡಿದವರು ಯಾರು ಎಂದು ಯಾವ ಚರಿತ್ರೆಯೂ ಬರೆದಿಟ್ಟಿಲ್ಲ, ಬಿಡಿ. ಊಹಿಸುವ ಹಕ್ಕು ಮಾತ್ರ ನನಗಿದೆ.

ಮಧ್ಯದಲ್ಲಿ ಒಂದು ಮಾತು. ಇಲ್ಲಿ 1992ರಲ್ಲಿ ಎಂಟು ಕಿಲೋಗೂ ಮೀರಿದ ಬಾಸ್ ಒಂದು ಸಿಕ್ಕಿತ್ತು, ಟೆಕ್ಸಾಸಿಗೇ ದಾಖಲೆ. ಅದು ಸಿಕ್ಕಿದ್ದು ಯಾವ ಪ್ಲಾಸ್ಟಿಕ್ ಹುಳುವಿಗೂ ಅಲ್ಲ, ಬೇರೆ ಮೀನಿಗೆಂದು ಗಾಳಕ್ಕೆ ಹಾಕಿದ್ದ ಜೀವಂತ ಮರಿಮೀನಿಗೆ! ಇದನ್ನು ನಮ್ಮ ಮನೆಯಲ್ಲಿ ನೆನಪಿಸುವಂತಿಲ್ಲ.

ಸರಿ, ಹುಳು ಮಾಡುವುದು ಹೇಗೆ? ನಮ್ಮ ಮನೆಗಳ ನೀರಿನ ಕೊಳವೆಗಳಿವೆಯಲ್ಲ, ಪಿವಿಸಿ, ಅದೇ ವಸ್ತುವಿನ ನುಣ್ಣನೆಯ ಪುಡಿಯನ್ನು ಮೆತ್ತಗಾಗಿಸುವ ಒಂದು ಎಣ್ಣೆಯಲ್ಲಿ ಕಲಸಿರುತ್ತಾರೆ. ಹೆಸರು ಪ್ಲಾಸ್ಟಿಸಾಲ್. ನೋಡಲು ಗಟ್ಟಿ ಹಾಲಿನ ಹಾಗಿರುತ್ತದೆ. ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಮೊದಲು ಮುದ್ದೆಯಾಗಿ, ಆಮೇಲೆ ಕರಗಿ ತಿಳಿಯಾಗುತ್ತದೆ. ಬಣ್ಣ, ಮಿನುಗುಪುಡಿ, ಕೆಲವರು ಉಪ್ಪು ಕೂಡ ಹಾಕುತ್ತಾರೆ. ಆಮೇಲೆ ಅಲ್ಯೂಮಿನಿಯಮ್ಮಿನ ದಪ್ಪ ಪಿಚಕಾರಿಗೆ ಎಳೆದುಕೊಂಡು ಅಚ್ಚಿನ ತೂತಿಗೆ ಇಟ್ಟು ಒತ್ತಬೇಕು. ಕೆಲವು ನಿಮಿಷ ಆರಲು ಬಿಟ್ಟು ಬಿಚ್ಚಿದರೆ ಸಾಲಾಗಿ ಹುಳುಗಳು.

ಇದನ್ನು ಓದುತ್ತ ಹಳೇ ಮೈಸೂರು ಕಡೆಯವರಿಗೆ ಏನೋ ನೆನಪಾಗಿರಬೇಕು. ಹೌದು, ಸಂಕ್ರಾಂತಿಯ ಸಕ್ಕರೆ ಅಚ್ಚು! ನನ್ನ ತವರು ಮೈಸೂರು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಹೋಳುಗಳನ್ನು ಜೋಡಿಸಿ, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಬೆಳ್ಳಗಾಗುವವರೆಗೆ ತಿರುವಿ, ಕೆಳಗಿನ ತೂತಿನಿಂದ ಹೊಯ್ಯುತ್ತಿದ್ದರು. ಆನೆ, ಗಿಳಿ, ಬಾಳೆಗೊನೆ, ಮಂಟಪ. ನನಗೀಗ ನೆನಪಾಗುವುದು ಅದರ ರುಚಿಯಲ್ಲ, ಅಜ್ಜಿ ಅಚ್ಚನ್ನು ಕಟ್ಟುತ್ತಿದ್ದ ರೀತಿ. ಗಟ್ಟಿ ದಾರವನ್ನು ಎರಡು ಕಡೆ, ತಲೆಯ ಹತ್ತಿರ ಒಂದು ಸುತ್ತು, ಬುಡದ ಹತ್ತಿರ ಒಂದು ಸುತ್ತು, ಹಲ್ಲಿನಿಂದ ಎಳೆದು ಬಿಗಿದು ಗಂಟು. ಆಮೇಲೆ ನಮ್ಮಮ್ಮ ರಬ್ಬರ್ ಬ್ಯಾಂಡಿಗೆ ಇಳಿದರು. ಒಂದು ಸಲವಾದರೂ ಅಜ್ಜಿ, "ಏ ಹುಡುಗಿ, ಬಂದು ಈ ಅಚ್ಚು ಅದುಮಿಕೊಂಡು ಕೂತ್ಕೋ, ನಾನು ಪಾಕ ಹೊಯ್ತೀನಿ" ಎಂದದ್ದಿಲ್ಲ. ಹೊಯ್ಯುವ ಕಡೆ ಮಕ್ಕಳನ್ನು ಬಿಟ್ಟುಕೊಂಡದ್ದೇ ಇಲ್ಲ. "ಪಾಕ ಕೈ ಮೇಲೆ ಬಿದ್ರೆ ಚರ್ಮದ ಜೊತೆಗೇ ಬರತ್ತೆ, ಆಚೆ ಹೋಗಿ" ಎಂದು ಗದರುತ್ತಿದ್ದರು. ನೋಡಿ, ಹಬ್ಬಕ್ಕೆ ನೂರಾರು ಅಚ್ಚು ಹೊಯ್ದ ಹೆಂಗಸಿಗೆ ಮೂರನೆಯ ಕೈ ಬೇಕಾಗಲಿಲ್ಲ. ಎರಡು ಮೊಳ ದಾರ ಸಾಕಾಗಿತ್ತು.

ಆ ದಾರದ ಬುದ್ಧಿ ಇಲ್ಲಿ ಎಷ್ಟೋ ಮನೆಗಳಲ್ಲಿ ಇಲ್ಲ. ಅಚ್ಚಿಗೇ ನೂರಾರು ಡಾಲರ್ ಕೊಡುತ್ತಾರೆ, ಪಿಚಕಾರಿ ಬೇರೆ, ಹತ್ತಾರು ಬಣ್ಣ ಬೇರೆ. ಕ್ಲ್ಯಾಂಪಿನ ವಿಷಯ ಬಂದಾಗ ಮಾತ್ರ, "ಅದಕ್ಯಾಕೆ ದುಡ್ಡು ದಂಡ, ಮನೆಯಲ್ಲಿ ಇದ್ದೀರಲ್ಲ!" ಅಂಗಡಿಯಲ್ಲಿ ಕೊಳ್ಳುವ ಎರಡು ಪಾಕೀಟು ಹುಳುವಿನ ಬೆಲೆಗೆ ಒಂದು ಸಾಧಾರಣ ಕ್ಲ್ಯಾಂಪ್ ಬರುತ್ತದೆ, ಅದು ತಿಳಿದಿರಲಿ.

ಹಿಡಿಯುವುದೆಂದರೆ ಎಷ್ಟು ಬಲ ಎಂಬುದನ್ನು ಈ ಗಂಡಸರು ಲೆಕ್ಕ ಹಾಕಿಲ್ಲ. ನಾನು ಹಾಕಿದ್ದೇನೆ. ಚಕ್ಕುಲಿ ಒರಳು ಒತ್ತಿ ತೋಳು ನೋಯಿಸಿಕೊಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಿಚಕಾರಿಯ ಒಳಗಿನ ಬಿಲ್ಲೆ ಎರಡೂವರೆ ಸೆಂಟಿಮೀಟರ್ ಅಗಲವೆಂದರೆ ಅದರ ವಿಸ್ತಾರ ಸುಮಾರು 5 ಚದರ ಸೆಂಟಿಮೀಟರ್. ಅದನ್ನು ಹತ್ತು ಕಿಲೋ ಭಾರದಷ್ಟು ಒತ್ತಿದರೆ ಒಳಗಿನ ದ್ರವದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 2 ಕಿಲೋ ಒತ್ತಡ ಹುಟ್ಟುತ್ತದೆ. ಅಚ್ಚಿನಲ್ಲಿ ಆರು ಹುಳುಗಳ ಗುಳಿಗಳಿವೆ, ಒಂದೊಂದೂ 12 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲ ಎಂದಿಟ್ಟುಕೊಳ್ಳಿ. ಒಟ್ಟು 72 ಚದರ ಸೆಂಟಿಮೀಟರ್. ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ, ಇದು ಹೈಸ್ಕೂಲಿನ ಪಾಠ. ಅಂದರೆ ಎರಡು ಹೋಳುಗಳನ್ನು ಬೇರೆ ಮಾಡಲು ಒಳಗಿನಿಂದ ತಳ್ಳುವ ಬಲ 144 ಕಿಲೋ! ಗಟ್ಟಿ ದ್ರವ, ಸಣ್ಣ ತೂತು, ದಾರಿಯಲ್ಲೇ ಅರ್ಧ ಒತ್ತಡ ಸೋರಿಹೋಯಿತೆಂದು ಬಿಟ್ಟರೂ 72 ಕಿಲೋ. ಅಕ್ಕಿ ಮೂಟೆಯನ್ನು ಅಂಗೈಯಲ್ಲಿ ಅದುಮಿಕೊಂಡು ನಿಲ್ಲಿ ಎಂದು ಯಾರಾದರೂ ಹೆಂಡತಿಗೆ ಹೇಳುತ್ತಾರೆಯೆ? ಇಲ್ಲಿ ಹೇಳುತ್ತಿರುವುದು ಅದನ್ನೇ, ಅದೂ 175 ಡಿಗ್ರಿಯ ಬಿಸಿಯನ್ನು ನಡುವೆ ಇಟ್ಟುಕೊಂಡು.

ನನ್ನ ಸೋದರಮಾವನ ಮಗನೊಬ್ಬ ಬೆಂಗಳೂರಿನ ಪೀಣ್ಯದಲ್ಲಿ ಪ್ಲಾಸ್ಟಿಕ್ ಮುಚ್ಚಳ, ಡಬ್ಬಿ ಮಾಡುವ ಸಣ್ಣ ಕಾರ್ಖಾನೆ ಇಟ್ಟಿದ್ದಾನೆ. ಹೋದ ಸಲ ಊರಿಗೆ ಹೋದಾಗ ಅವನ ಯಂತ್ರಗಳನ್ನು ನೋಡಿ ಬಂದೆ. ಅಲ್ಲಿ ಎಲ್ಲರೂ "ಎಂಬತ್ತು ಟನ್ ಮೆಷೀನು", "ನೂರೈವತ್ತು ಟನ್ ಮೆಷೀನು" ಎಂದೇ ಮಾತಾಡುವುದು. ಯಂತ್ರದ ತೂಕವಿರಬೇಕು ಎಂದರೆ ಅವನು ನಕ್ಕ. "ಅಲ್ಲಕ್ಕ, ಅಚ್ಚನ್ನ ಎಷ್ಟು ಬಲವಾಗಿ ಮುಚ್ಚಿ ಹಿಡಿಯತ್ತೆ ಅನ್ನೋ ಲೆಕ್ಕ ಅದು. ಒತ್ತಿ ತುಂಬೋದೇನು, ಹಿಡಿಯೋದು ದೊಡ್ಡದು. ಹಿಡಿತ ಕಮ್ಮಿ ಆದ್ರೆ ಮಾಲೆಲ್ಲ ಹಾಳು." ಆ ಮಾತು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಾರ್ಖಾನೆಯಲ್ಲಿ ಯಂತ್ರವನ್ನು ಗುರುತಿಸುವುದೇ ಹಿಡಿಯುವ ಶಕ್ತಿಯಿಂದ! ಗಿರಾಕಿ ಅದನ್ನೇ ಕೇಳುತ್ತಾನೆ, ಬಾಡಿಗೆಯೂ ಅದನ್ನು ನೋಡಿಯೇ. ಅದೇ ಕೆಲಸ ಮನೆಯೊಳಗೆ ಬಂದ ಕೂಡಲೇ ಅದಕ್ಕೆ ಹೆಸರಿಲ್ಲ, ಬೆಲೆಯಿಲ್ಲ, "ಸುಮ್ನೆ ಹಿಡ್ಕೊಂಡಿರೋದು ತಾನೆ!"

ಸುಮ್ಮನೆ ಹಿಡಿದುಕೊಂಡಿದ್ದ ಒಬ್ಬ ಗೆಳತಿಯ ವಿಷಯ ಹೇಳಲೇಬೇಕು. ಕನ್ನಡ ಕೂಟದ ಯುಗಾದಿಯಲ್ಲಿ ಪರಿಚಯವಾದವರು, ಬೇರೆ ಊರಿನಲ್ಲಿರುತ್ತಾರೆ. ಅವರ ಯಜಮಾನರೂ ಇದೇ ಹುಚ್ಚಿನವರು. ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ತಾವೇ ಅಚ್ಚು ಮಾಡಿಕೊಂಡಿದ್ದರಂತೆ. ಹಾಗೆ ಮಾಡುವುದರಲ್ಲಿ ತಪ್ಪಿಲ್ಲ, ಬಹಳ ಜನ ಮಾಡುತ್ತಾರೆ. ಆದರೆ ಆ ಅಚ್ಚು ಪೂರ್ತಿ ಒಣಗಿರಬೇಕು. ನಮ್ಮ ಸಕ್ಕರೆ ಅಚ್ಚಿಗೆ ನೀರು ಬೇಕು, ಇದಕ್ಕೆ ನೀರೇ ಶತ್ರು. ಅಚ್ಚಿನಲ್ಲಿ ಒಂದು ಹನಿ ತೇವವಿದ್ದರೂ ಕಾದ ಪ್ಲಾಸ್ಟಿಕ್ ತಾಗಿದ ಕ್ಷಣ ಆವಿಯಾಗಿ, ಒಗ್ಗರಣೆಗೆ ಹಸಿ ಕರಿಬೇವು ಬಿದ್ದಂತೆ ಸಿಡಿಯುತ್ತದೆ. ಅವರ ಅಚ್ಚು ಹೊರಗೆ ಒಣಗಿತ್ತು, ಒಳಗೆ ಹಸಿಯಿತ್ತು. ಹಿಡಿದದ್ದು ಗೆಳತಿ, ಒಲೆಯಿಂದ ತಟ್ಟೆ ತೆಗೆಯುವ ಬಟ್ಟೆಯ ಕೈಗವಸು ಹಾಕಿಕೊಂಡು. ಅವರು ಪಿಚಕಾರಿ ಒತ್ತಿದರು, ಅಚ್ಚು ಬಾಯಿ ಬಿಟ್ಟಿತು, ಎಡಗೈ ಮಣಿಕಟ್ಟಿನ ಮೇಲೆ ಬಿತ್ತು. ಕಾದ ಎಣ್ಣೆ ಬಿದ್ದರೆ ಜಾರುತ್ತದೆ. ಇದು ಜಾರುವುದಿಲ್ಲ, ಟಾರಿನ ಹಾಗೆ ಕಚ್ಚಿಕೊಂಡು ಅಲ್ಲೇ ಕೂತು ಸುಡುತ್ತದೆ. ಗಾಬರಿಯಲ್ಲಿ ಕಿತ್ತರೆ ಚರ್ಮವೂ ಬರುತ್ತದೆ. (ಕೀಳಬಾರದು. ನಲ್ಲಿಯ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿದು, ಅಂಟಿದ್ದನ್ನು ಹಾಗೇ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಟಾರು, ಮೇಣ, ಪ್ಲಾಸ್ಟಿಕ್ ಯಾವುದಕ್ಕೂ ಇದೇ ಕ್ರಮ.) ಅವರ ಬಳೆ ಏರಿಸುವ ಜಾಗದಲ್ಲಿ ಇವತ್ತಿಗೂ ಎರಡು ಬೆರಳಗಲದ ಕಲೆ ಇದೆ.

ಕಲೆಗಿಂತ ನನಗೆ ಹೆಚ್ಚು ಉರಿದದ್ದು ಅವರು ಆ ಕಥೆಯನ್ನು ಹೇಳಿದ ರೀತಿ. "ನಾನು ಸರಿಯಾಗಿ ಹಿಡಿದಿರಲಿಲ್ಲ ಕಣ್ರೀ" ಎಂದರು! ಎಪ್ಪತ್ತು ಕಿಲೋ ಬಲಕ್ಕೆ ಅಡ್ಡ ನಿಲ್ಲಿಸಿದವರ ತಪ್ಪಲ್ಲ, ಹಸಿ ಅಚ್ಚು ತಂದವರ ತಪ್ಪಲ್ಲ, ಹಿಡಿದವಳ ತಪ್ಪು. ಇದನ್ನು ನಾವು ಎಲ್ಲಿ ಕಲಿತೆವು?

ಈ ವಾದ ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರಗಳು ಕೆಲವಿವೆ. ಮೊದಲನೆಯದು, "ನೀವು ಪೂರಿ ಕರಿಯೋ ಎಣ್ಣೆಯೂ ಅಷ್ಟೇ ಬಿಸಿ ಇರತ್ತೆ, ಅದಕ್ಕೆ ಹೆದರಲ್ಲ, ಇದಕ್ಕೇನು?" ಬಿಸಿಯ ಲೆಕ್ಕ ಸರಿ, ಒಪ್ಪಿದೆ. ಆದರೆ ಪೂರಿ ಕರಿಯುವವಳು ಎಣ್ಣೆಯನ್ನು ಪೆಟ್ಟಿಗೆಯೊಳಗೆ ಮುಚ್ಚಿ ಪಿಚಕಾರಿಯಿಂದ ಒತ್ತುವುದಿಲ್ಲ. ಬಾಣಲೆಯ ಇನ್ನೊಂದು ಕಿವಿಯನ್ನು ಹಿಡಿದುಕೊಂಡು ನಿಲ್ಲಿ ಎಂದು ಗಂಡನನ್ನು ಕರೆಯುವುದೂ ಇಲ್ಲ. ಕರೆದರೆ ಎಷ್ಟು ಜನ ಬರುತ್ತಾರೆ, ಹೇಳಿ?

ಎರಡನೆಯದು ಸ್ವಲ್ಪ ನಾಜೂಕಿನದು. "ಇದೊಂದು ನೆಪದಲ್ಲಿ ಇಬ್ಬರೂ ಒಟ್ಟಿಗೆ ಕೂತು ಏನಾದರೂ ಮಾಡಿದ ಹಾಗಾಗತ್ತೆ." ಈ ಮಾತಿಗೆ ನಾನು ಒಂದು ಕಾಲಕ್ಕೆ ಕರಗುತ್ತಿದ್ದೆನೋ ಏನೋ. ಒಟ್ಟಿಗೆ ಮಾಡುವುದೆಂದರೆ ಬಣ್ಣ ಯಾವುದೆಂದು ಕೇಳುವುದು, ಪಿಚಕಾರಿ ಒಂದು ಸಲ ನನ್ನ ಕೈಗೂ ಕೊಡುವುದು. ಒಬ್ಬರು ಮಾಡುತ್ತ, ಇನ್ನೊಬ್ಬರು ಅಲ್ಲಾಡದೆ ಹಿಡಿದು ನಿಂತಿದ್ದರೆ ಅದು ಜೊತೆಗಾರಿಕೆಯಲ್ಲ, ನಿಂತವರು ಉಪಕರಣ. ಮೂಗು ತುರಿಸಿದರೂ ಕೈ ಬಿಡುವಂತಿಲ್ಲದವರಿಗೆ ಮಾತುಕತೆಯ ಸುಖವೇನು ಬಂತು!

ಮೂರನೆಯ ಉತ್ತರ ಕೊಡುವವರು ನಮ್ಮಂಥ ಹೆಂಗಸರೇ. "ಹೋಗ್ಲಿ ಬಿಡಿ, ಕುಡಿಯಲ್ಲ, ಇಸ್ಪೀಟಾಡಲ್ಲ, ಮನೆಯಲ್ಲೇ ಇರ್ತಾರಲ್ಲ." ಹವ್ಯಾಸದ ಮೇಲೆ ನನಗೆ ದ್ವೇಷವಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಹುಳು ಮಾಡಲಿ, ಸಾವಿರ ಮಾಡಲಿ. ತಮ್ಮ ಕೈಯಿಂದ ಒಂದು ವಸ್ತು ಮಾಡಿ ಅದರಿಂದ ಮೀನು ಹಿಡಿಯುವ ಸಂತೋಷ ದೊಡ್ಡದೇ. ಆದರೆ ಇಸ್ಪೀಟಾಡದ ಪುಣ್ಯಕ್ಕೆ ಹೆಂಡತಿಯ ಮಣಿಕಟ್ಟು ಸುಡುವ ಪರವಾನಗಿ ಎಲ್ಲೂ ಇಲ್ಲ.

ಇನ್ನು ಅಡುಗೆಮನೆ. ಮೈಕ್ರೋವೇವಿನಲ್ಲಿ ಪ್ಲಾಸ್ಟಿಸಾಲ್ ಬೇಗ ಕಾಯುತ್ತದೆ, ಆದ್ದರಿಂದ ನಮ್ಮ ಮೈಕ್ರೋವೇವೇ ಬೇಕು. ಅನ್ನ ಬಿಸಿ ಮಾಡುವ ಅದೇ ಡಬ್ಬದಲ್ಲಿ, ಉಪ್ಪಿನಕಾಯಿ ಬೆರೆಸುವ ಅದೇ ಗಾಜಿನ ಪಾತ್ರೆಯಲ್ಲಿ! ಪಿವಿಸಿ ಹೆಚ್ಚು ಕಾದರೆ ಹಳದಿಗೆ ತಿರುಗಿ ಕಟುವಾದ ಹೊಗೆ ಬಿಡುತ್ತದೆ. ಅದರಲ್ಲಿರುವುದು ನಾವು ಬಚ್ಚಲು ತೊಳೆಯಲು ತರುವ ಆಸಿಡ್ಡಿನ ಜಾತಿಯದೇ. ಮೆತ್ತಗಾಗಿಸುವ ಎಣ್ಣೆಗಳಲ್ಲಿ ಥ್ಯಾಲೇಟ್ ಎಂಬ ಗುಂಪಿನವು ಮಕ್ಕಳಿಗೆ ಒಳ್ಳೆಯದಲ್ಲವೆಂದು ಅಮೆರಿಕ 2008ರಲ್ಲಿ ಕಾನೂನು ಮಾಡಿ ಆಟಿಕೆಗಳಲ್ಲಿ ಅವುಗಳಲ್ಲಿ ಕೆಲವನ್ನು ನಿರ್ಬಂಧಿಸಿತು. ಗಾಳದ ಹುಳು ಆಟಿಕೆಯಲ್ಲ. ಥ್ಯಾಲೇಟ್ ಇಲ್ಲದ ಪ್ಲಾಸ್ಟಿಸಾಲ್ ಈಗ ಸಿಗುತ್ತದಾದರೂ ಡಬ್ಬಿಯ ಮೇಲಿನ ಅಕ್ಷರ ಓದಿ ತರಬೇಕು. ಏನೇ ತರಲಿ, ಇದನ್ನು ಕಾಯಿಸಿದ ಪಾತ್ರೆ, ಮೈಕ್ರೋವೇವು ಮತ್ತೆ ಅಡುಗೆಗೆ ಬರಬಾರದು. ಈ ಮಾತಿನಲ್ಲಿ ರಾಜಿಯಿಲ್ಲ. ಕಾರು ನಿಲ್ಲಿಸುವ ಷೆಡ್ಡು ಇದೆ, ಬಾಗಿಲು ತೆಗೆದಿಡಿ, ಫ್ಯಾನು ಹಾಕಿ, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ. ನಿಮ್ಮ ರಾಜ್ಯ ಅಲ್ಲಿರಲಿ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಸ್ಕೂಲ್ ಬಸ್ಸು ಓಡಿಸಿ ನಿವೃತ್ತರಾದ ಒಬ್ಬ ಹೆಂಗಸಿದ್ದಾರೆ. ಒಂಟಿ. ಅವರೂ ಹುಳು ಹೊಯ್ಯುತ್ತಾರೆ, ನಮ್ಮವರಿಗಿಂತ ಚೆನ್ನಾಗಿ. ಅವರ ಷೆಡ್ಡಿಗೆ ಹೋಗಿ ಒಂದು ಮಧ್ಯಾಹ್ನವೆಲ್ಲ ನೋಡಿದೆ. ಹಿಡಿಯಲು ಯಾರೂ ಇಲ್ಲದವರು ಹಿಡಿಯುವುದನ್ನು ಎಷ್ಟು ಚೆನ್ನಾಗಿ ಯೋಚಿಸಿರುತ್ತಾರೆ ಎಂಬುದು ಅಲ್ಲಿ ಗೊತ್ತಾಯಿತು. ನಡುವೆ ಒಂದೇ ಕ್ಲ್ಯಾಂಪ್ ಹಾಕಿದರೆ ಅಚ್ಚಿನ ತುದಿಗಳು ಕಿಸಿಯುತ್ತವೆ, ಹಾಗಾಗಿ ಅಚ್ಚಿನ ಎರಡು ಕಡೆಗೂ ಒಂದೊಂದು. ಒಂದನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋಗುವುದಿಲ್ಲ. ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ, ಕುಕ್ಕರಿನ ಹ್ಯಾಂಡಲ್ಲಿಗೆ ಎರಡು ಸ್ಕ್ರೂ ಬಿಗಿಯುವಾಗ ನಾವು ಮಾಡುವ ಹಾಗೆ. ಅಲ್ಯೂಮಿನಿಯಮ್ಮಿನ ಅಚ್ಚು ಗಟ್ಟಿ, ತಡೆಯುತ್ತದೆ. ಪ್ಲಾಸ್ಟರಿನದಾದರೆ ಎರಡು ಬದಿಗೂ ಚಪ್ಪಟೆ ಹಲಗೆಯ ತುಂಡಿಟ್ಟು ಅದರ ಮೇಲೆ ಕ್ಲ್ಯಾಂಪ್ ಹಾಕಬೇಕು, ಇಲ್ಲದಿದ್ದರೆ ಒಂದೇ ಕಡೆ ಭಾರ ಬಿದ್ದು ಬಿರುಕು. ಸಿಲಿಕೋನಿನ ಅಚ್ಚು ರಬ್ಬರಿನಂತೆ ಮೆತ್ತಗಿರುತ್ತದೆ. ಅದಕ್ಕೂ ಹಲಗೆ ಬೇಕು, ಆದರೆ ಬಿಗಿತ ಹಗುರವಾಗಿರಬೇಕು. ಹೆಚ್ಚು ಅದುಮಿದರೆ ಒಳಗಿನ ಗುಳಿಯೇ ಚಪ್ಪಟೆಯಾಗಿ ಹುಳು ಬಡಕಲು ಬರುತ್ತದೆ. ತುಂಬುವ ಮೊದಲು ಅಚ್ಚನ್ನು ಬೆಳಕಿಗೆ ಹಿಡಿದು ಸೇರುವ ಗೆರೆಯಲ್ಲಿ ಬೆಳಕು ತೂರುತ್ತದೆಯೇ ನೋಡುತ್ತಾರೆ. ತೂರಿದರೆ ಬಿಚ್ಚಿ ಒರೆಸಿ ಮತ್ತೆ ಕಟ್ಟುತ್ತಾರೆ, ಹೋಳುಗಳ ನಡುವೆ ಹಳೆಯ ಪ್ಲಾಸ್ಟಿಕ್ಕಿನ ಚೂರೊಂದು ಕೂತಿದ್ದರೂ ಸಾಕು, ಎಷ್ಟು ಬಿಗಿದರೂ ಮುಚ್ಚುವುದಿಲ್ಲವಂತೆ.

ಆಮೇಲೆ ಕ್ಲ್ಯಾಂಪ್ ಹಾಕಿದ ಅಚ್ಚನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡೂ ಕೈಯಿಂದ ನಿಧಾನವಾಗಿ ಪಿಚಕಾರಿ ಒತ್ತುತ್ತಾರೆ. ತುಂಬಿದ ಮೇಲೂ ಕೆಲವು ಕ್ಷಣ ಒತ್ತಿಯೇ ಇರುತ್ತಾರೆ, ಪ್ಲಾಸ್ಟಿಕ್ ಆರುತ್ತ ಕುಗ್ಗುವುದರಿಂದ ಇನ್ನಷ್ಟು ಒಳಗೆ ಹೋಗಬೇಕಲ್ಲ. ಬೇಗ ಕೈ ತೆಗೆದರೆ ಹುಳುವಿನ ಹೊಟ್ಟೆಯಲ್ಲಿ ಹಳ್ಳ. ನೋಡಿ, ಹೆಂಡತಿಯ ಕೈ ಕ್ಲ್ಯಾಂಪ್ ಆಗಿರುವ ಮನೆಗಳಲ್ಲಿ ಇದೊಂದು ನಡೆಯುವುದೇ ಇಲ್ಲ, ಕೈ ಬಿಸಿಯಾಗುತ್ತದೆ, "ಆಯ್ತಾ, ಆಯ್ತಾ?" ಎಂದು ಅವಳು ಕೇಳುತ್ತಾಳೆ, ಅವರು ಅವಸರದಲ್ಲಿ ತೆಗೆಯುತ್ತಾರೆ. ಕೊನೆಗೆ ಹುಳುವೂ ಚೆನ್ನಾಗಿಲ್ಲ, ಮಾತೂ ಚೆನ್ನಾಗಿಲ್ಲ. "ನಿಮಗೆ ಸಹಾಯಕ್ಕೆ ಯಾರೂ ಬೇಡವೆ?" ಎಂದು ನಾನು ಕೇಳಿದ್ದಕ್ಕೆ ಆಕೆ, ಕ್ಲ್ಯಾಂಪ್ ಕಾಫಿ ಕೇಳುವುದಿಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ ಎಂದರು.

ಮನೆಗೆ ಬಂದು ನಾನು ಹೇಳಿದ್ದು ಒಂದೇ ಮಾತು, ಅದೂ ಮೂರು ವಾರ ಹೇಳಿದೆ. "ಮಾರಾಯ್ತಿ, ಇಲ್ಲೊಂಚೂರು ಬಾ" ಎಂದು ಷೆಡ್ಡಿನಿಂದ ಕೂಗು ಬಂದಾಗಲೆಲ್ಲ, "ಅಲ್ಲಾರೀ, ಎಷ್ಟು ಟನ್ ಬೇಕು?" ಎಂದು ಒಳಗಿನಿಂದಲೇ ಕೇಳಿದೆ. ಎದ್ದು ಹೋಗಲಿಲ್ಲ. ಮೊದಲ ವಾರ ಮುನಿಸು. ಎರಡನೆಯ ವಾರ ಅಚ್ಚನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ತುಂಬಲು ಹೊರಟರು. ಮಗಳು ನೋಡಿ ಕಿರುಚಿದಳು. ಮೂರನೆಯ ವಾರ ಎರಡು ಕ್ಲ್ಯಾಂಪುಗಳು ಬಂದವು. ಅಂಗಡಿಯ ಚೀಟಿಯನ್ನು ನನಗೆ ಕಾಣುವ ಹಾಗೆ ಫ್ರಿಜ್ಜಿನ ಮೇಲೆ ಅಂಟಿಸಿದ್ದರು, ನನ್ನಿಂದಾದ ಖರ್ಚು ಎಂಬಂತೆ. ಇರಲಿ ಎಂದು ನಾನೂ ತೆಗೆಯಲಿಲ್ಲ.

ಈಗ ಮಗ ಹದಿನಾರರವನು, ಅಪ್ಪನ ಜೊತೆ ಷೆಡ್ಡಿನಲ್ಲಿ ನಿಲ್ಲುತ್ತಾನೆ. ನನ್ನ ಜಗಳದ ಅರ್ಧ ಭಾಗ ಅವನಿಗಾಗಿಯೇ ಇತ್ತು. ಅಪ್ಪ "ಹಿಡ್ಕೋ" ಎಂದು ಅಮ್ಮನನ್ನು ಕೂಗುವುದನ್ನು ನೋಡಿದ ಹುಡುಗ ನಾಳೆ ಅಕ್ಕನನ್ನು ಕೂಗುತ್ತಾನೆ, ನಾಡಿದ್ದು ಇನ್ಯಾರನ್ನೋ. ಅಚ್ಚಿಗೆ ಕ್ಲ್ಯಾಂಪ್ ಹಾಕುವುದನ್ನೇ ನೋಡಿ ಬೆಳೆದರೆ ಅವನಿಗೆ ಅದೇ ಸಹಜ. ಅವನ ಅಕ್ಕ ಹೋಗಿ ಪಿಚಕಾರಿ ಕಸಿದುಕೊಂಡು ತಾನೂ ಒಂದು ಅಚ್ಚು ತುಂಬಿ ಬಂದಳು. ಅವಳದ್ದು ನೇರಳೆ ಬಣ್ಣ. ಆ ಬಣ್ಣಕ್ಕೆ ಮೀನು ಬೀಳುತ್ತದೋ ಇಲ್ಲವೋ, ಅದು ಬೇರೆ.

ಒಂದು ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಎಷ್ಟೇ ಬಿಗಿದರೂ ಸೇರುವ ಗೆರೆಯಲ್ಲಿ ಅಷ್ಟಿಷ್ಟು ಪ್ಲಾಸ್ಟಿಕ್ ತೆಳ್ಳಗೆ ರೆಕ್ಕೆಯ ಹಾಗೆ ಹೊರಗೆ ಬರುತ್ತದೆ. ಅದನ್ನು ಒಂದೊಂದಾಗಿ ಕತ್ತರಿಸಬೇಕು. ಮೊದಲು ತಟ್ಟೆ ತುಂಬ ಬರುತ್ತಿತ್ತು, ಈಗ ಕ್ಲ್ಯಾಂಪ್ ಬಂದ ಮೇಲೆ ಹಿಡಿಯಷ್ಟು. ಆ ಹುಳುಗಳ ಡಬ್ಬಿ ಭಾನುವಾರ ರಾತ್ರಿ ಷೆಡ್ಡಿನಿಂದ ಹೇಗೋ ನಡೆದು ಊಟದ ಮೇಜಿಗೆ ಬಂದು ಕೂರುತ್ತದೆ, ಪಕ್ಕದಲ್ಲಿ ನನ್ನ ಹೊಲಿಗೆ ಪೆಟ್ಟಿಗೆಯ ಕತ್ತರಿ. ಕತ್ತರಿಯನ್ನು ನಾನು ಪೆಟ್ಟಿಗೆಗೆ ವಾಪಸು ಇಡುತ್ತೇನೆ. ಡಬ್ಬಿ ಅಲ್ಲೇ ಇದೆ.